ಬೆಳಕಿನ ಉಳಿ, ತಟ್ಟೆಯ ಶಾಸನ

(ಶಿರಹಟ್ಟಿಯಲ್ಲಿ ನೀಡಿದ ಉಪನ್ಯಾಸದ ಪಾಠ)

ಶಿರಹಟ್ಟಿಯ ನೆರೆಯ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಆದಿಕವಿ ಪಂಪ ಮೆಚ್ಚಿದ ತಿರುಳ್ಗನ್ನಡದ ನೆಲ ಅದು. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ, ಶಂಖ ಬಸದಿಯಲ್ಲಿ ನಿಂತಿರುವ ಕಲ್ಲುಗಳು ಯಾರು ಯಾರಿಗೆ ಎಷ್ಟು ಭೂಮಿ ಬಿಟ್ಟರು, ಯಾವ ದೇವರಿಗೆ ಏನು ಕೊಟ್ಟರು ಎಂಬುದನ್ನು ಶತಮಾನಗಳಿಂದ ಹೇಳುತ್ತಲೇ ಇವೆ. ಶಾಸನವೆಂದರೆ ಸಾರಾಂಶದಲ್ಲಿ ಏನು? ಸಮತಟ್ಟಾದ ಮೇಲ್ಮೈ, ಅದರಲ್ಲಿ ಉಳಿಯಿಂದ ತೋಡಿದ ತಗ್ಗು, ಆ ತಗ್ಗಿನ ಮೇಲೆ ಬಿದ್ದ ಬೆಳಕನ್ನು ಓದಿಕೊಳ್ಳುವ ಕಣ್ಣು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮನೆಮನೆಗೆ ಬಂದ ಸಿ.ಡಿ. ಎಂಬ ಹೊಳೆಯುವ ತಟ್ಟೆಯೂ ಇದೇ ತತ್ವದ ಮೇಲೆ ನಿಂತಿದೆ. ಉಳಿಯ ಜಾಗದಲ್ಲಿ ಲೇಸರ್ ಕಿರಣ, ಕಲ್ಲಿನ ಜಾಗದಲ್ಲಿ ಪ್ಲಾಸ್ಟಿಕ್, ಕಣ್ಣಿನ ಜಾಗದಲ್ಲಿ ಬೆಳಕು ಗ್ರಹಿಸುವ ಒಂದು ಸಣ್ಣ ಸಾಧನ. ವ್ಯತ್ಯಾಸ ಇಷ್ಟೇ ಆಗಿದ್ದರೆ ಇಲ್ಲಿಗೇ ಮಾತು ಮುಗಿಸಬಹುದಿತ್ತು. ಆದರೆ ಕಲ್ಲು ಸಾವಿರ ವರ್ಷ ಬಾಳಿತು. ತಟ್ಟೆ ಇಪ್ಪತ್ತು ವರ್ಷಕ್ಕೇ ಮೂಕವಾಗುತ್ತಿದೆ. ಏಕೆ ಎಂಬುದನ್ನು ತಿಳಿಯಬೇಕಾದರೆ ಅದು ಹುಟ್ಟಿದ ಬಗೆಯನ್ನು ನೋಡಬೇಕು.

ಗದಗ ಸೀಮೆ ಸಂಗೀತದ ಸೀಮೆ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವುದು ಇಲ್ಲಿಯೇ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಮರುಳಾಗಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ಒಂದು ತಟ್ಟೆ ಒಬ್ಬ ಹುಡುಗನ ಬಾಳನ್ನೇ ತಿರುಗಿಸಿತು. ಆದರೆ ಆ ಕಾಲದ ತಟ್ಟೆಗೆ ಎರಡು ದೋಷಗಳಿದ್ದವು. ನಿಮಿಷಕ್ಕೆ 78 ಸುತ್ತು ತಿರುಗುವ ಅದರ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಅರಳಬೇಕಾದ ಖಯಾಲನ್ನು ಗಾಯಕರು ಆ ಚೌಕಟ್ಟಿಗೆ ಮಡಿಚಿ ಕೂಡಿಸಬೇಕಾಗಿತ್ತು. ಎರಡನೆಯದಾಗಿ, ಮುಳ್ಳು ತಟ್ಟೆಯ ಗೆರೆಯನ್ನು ಉಜ್ಜುತ್ತ ಓದುತ್ತಿದ್ದುದರಿಂದ ಕೇಳಿದಷ್ಟೂ ತಟ್ಟೆ ಸವೆಯುತ್ತಿತ್ತು. ಹೆಚ್ಚು ಪ್ರೀತಿಸಿದ ಹಾಡೇ ಬೇಗ ಹಾಳಾಗುತ್ತಿತ್ತು.

ಸವೆಯದ ಮುಳ್ಳು ಯಾವುದು? ಬೆಳಕು. ಈ ಉತ್ತರ ಒಬ್ಬರಿಗಷ್ಟೇ ಹೊಳೆಯಲಿಲ್ಲ. ಅಮೆರಿಕದ ಡೇವಿಡ್ ಪಾಲ್ ಗ್ರೆಗ್ 1958ರಲ್ಲಿಯೇ ಬೆಳಕಿನಿಂದ ಓದುವ ಚಿತ್ರತಟ್ಟೆಯ ಕಲ್ಪನೆ ಮಾಡಿದ್ದರು. ಅಲ್ಲಿಯವರೇ ಆದ ಜೇಮ್ಸ್ ರಸೆಲ್ ಶಬ್ದವನ್ನು ಅಂಕಿಗಳಾಗಿ ಬದಲಿಸಿ ಬೆಳಕಿನಿಂದ ಬರೆದು ಓದುವ ವಿಧಾನಕ್ಕೆ 1970ರಲ್ಲಿ ಪೇಟೆಂಟ್ ಪಡೆದರು. ಹಾಲೆಂಡಿನ ಫಿಲಿಪ್ಸ್ ಕಂಪನಿಯಲ್ಲಿ ಕ್ಲಾಸ್ ಕಂಪಾನ್ ಮತ್ತು ಪೀಟ್ ಕ್ರಾಮರ್ ಬೇರೆಯೇ ದಾರಿಯಿಂದ ಅಲ್ಲಿಗೆ ಬಂದರು. 1978ರ ಡಿಸೆಂಬರಿನಲ್ಲಿ ಅಟ್ಲಾಂಟಾ ನಗರದಲ್ಲಿ ಲೇಸರ್ ಚಿತ್ರತಟ್ಟೆ ಮಾರಾಟಕ್ಕೆ ಬಂತು. ಈ ಶೋಧದ ನಿಜವಾದ ಜನಕ ಯಾರೆಂಬ ವಾದ ಇಂದಿಗೂ ಮುಗಿದಿಲ್ಲ. ಮುಗಿಯುವುದೂ ಕಷ್ಟ. ಗುಡಿ ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿರುತ್ತದೆ. ಕಲ್ಲು ಹೊತ್ತವರು ನೂರಾರು ಮಂದಿ.

ಈಗ ತಟ್ಟೆಯೊಳಗೆ ಇಣುಕೋಣ. ಸಿ.ಡಿ.ಯ ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಅದರೊಳಗೆ ಕೇಂದ್ರದಿಂದ ಅಂಚಿನ ಕಡೆಗೆ ಸುರುಳಿ ಸುತ್ತಿದ ಒಂದೇ ಒಂದು ಸಾಲಿದೆ. ಬಿಡಿಸಿ ಎಳೆದರೆ ಅದರ ಉದ್ದ ಐದು ಕಿಲೋಮೀಟರಿಗೂ ಹೆಚ್ಚು. ಸಾಲಿನಿಂದ ಸಾಲಿಗೆ ಅಂತರ 1.6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಆರುನೂರಕ್ಕೂ ಮಿಕ್ಕಿ ಸಾಲುಗಳು. ಸಾಲಿನುದ್ದಕ್ಕೂ ಅರ್ಧ ಮೈಕ್ರಾನ್ ಅಗಲದ ಕುಳಿಗಳು. ಪುಣ್ಯಾಶ್ರಮದಂಥ ಕಡೆ ದೃಷ್ಟಿಯಿಲ್ಲದ ವಿದ್ಯಾರ್ಥಿಗಳು ಬ್ರೈಲ್ ಚುಕ್ಕೆಗಳ ಮೇಲೆ ಬೆರಳಾಡಿಸಿ ಓದುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಇಲ್ಲಿ ಬೆರಳಿನ ಕೆಲಸವನ್ನು ಮಾಡುವುದು ಕಣ್ಣಿಗೆ ಕಾಣದ, 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಕಿರಣ.

ಕುಳಿಯ ಆಳದಲ್ಲೇ ಗುಟ್ಟಿದೆ. ಅದು ಪ್ಲಾಸ್ಟಿಕ್ಕಿನೊಳಗೆ ಸಾಗುವ ಬೆಳಕಿನ ಅಲೆಯ ಹೆಚ್ಚುಕಡಿಮೆ ಕಾಲುಭಾಗದಷ್ಟು. ಕುಳಿಯಿಂದ ಮರಳುವ ಬೆಳಕು ಹೋಗುತ್ತ ಕಾಲು, ಬರುತ್ತ ಕಾಲು, ಒಟ್ಟು ಅರ್ಧ ಅಲೆಯಷ್ಟು ಹೆಜ್ಜೆ ತಪ್ಪುತ್ತದೆ. ಸುತ್ತಲಿನ ಸಮತಲದಿಂದ ಮರಳಿದ ಬೆಳಕಿನೊಡನೆ ಅದು ಕೂಡಿದಾಗ ಏರಿಗೆ ಇಳಿತ ಎದುರಾಗಿ ಬೆಳಕು ಕುಂದುತ್ತದೆ. ಕುಳಿಯೆಂದರೆ ಒಂದು, ಸಮತಲವೆಂದರೆ ಸೊನ್ನೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಬೆಳಕು ಬದಲಾಗುವ ಅಂಚೇ ಒಂದು. ಬದಲಾಗದ ಹಾದಿಯೆಲ್ಲ ಸೊನ್ನೆ. ಹೀಗೆ ಸೆಕೆಂಡಿಗೆ 14 ಲಕ್ಷಕ್ಕೂ ಹೆಚ್ಚು ಒಂದು-ಸೊನ್ನೆಗಳು ಶಬ್ದವಾಗಿ ಹೊರಬರುತ್ತವೆ. ಹಾಡಿನ ಪ್ರತಿ ಸೆಕೆಂಡನ್ನು 44,100 ಬಾರಿ ಅಳೆದು ಬರೆದಿಟ್ಟ ಲೆಕ್ಕ ಅದು.

ಇಷ್ಟು ಸೂಕ್ಷ್ಮವಾದ ಬರಹಕ್ಕೆ ಒಂದು ಗೀರು ಬಿದ್ದರೆ ಗತಿಯೇನು? ಇಲ್ಲಿ ನೆರವಿಗೆ ಬಂದದ್ದು ಶುದ್ಧ ಗಣಿತ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬಿಬ್ಬರು 1960ರಲ್ಲಿ ತಪ್ಪು ತಿದ್ದುವ ಒಂದು ಸಂಕೇತ ಪದ್ಧತಿಯನ್ನು ಪ್ರಕಟಿಸಿದ್ದರು. ಮೂಲ ಅಂಕಿಗಳ ಜೊತೆಗೆ ಲೆಕ್ಕ ಹಾಕಿದ ಕೆಲವು ಕಾವಲು ಅಂಕಿಗಳನ್ನು ಸೇರಿಸಿದರೆ, ಕಳೆದುಹೋದದ್ದನ್ನು ಉಳಿದದ್ದರಿಂದ ಮತ್ತೆ ಕಂಡುಕೊಳ್ಳಬಹುದು. ಇದಕ್ಕೆ ಇನ್ನೊಂದು ಉಪಾಯವೂ ಕೂಡಿತು. ಫಕೀರೇಶ್ವರ ಜಾತ್ರೆಗೆ ಹತ್ತು ಮನೆಯವರು ಹತ್ತು ಬಂಡಿ ಹೂಡಿದರೆನ್ನಿ. ಒಂದು ಮನೆಯವರೆಲ್ಲ ಒಂದೇ ಬಂಡಿಯಲ್ಲಿ ಕುಳಿತು ಆ ಬಂಡಿ ಹಳ್ಳದಲ್ಲಿ ಸಿಕ್ಕಿಬಿದ್ದರೆ, ಜಾತ್ರೆಯಲ್ಲಿ ಆ ಮನೆಯ ಸುದ್ದಿ ಹೇಳುವವರೇ ಇಲ್ಲ. ಪ್ರತಿ ಬಂಡಿಯಲ್ಲೂ ಎಲ್ಲ ಮನೆಯವರು ಒಬ್ಬೊಬ್ಬರು ಹಂಚಿ ಕುಳಿತರೆ, ಒಂದು ಬಂಡಿ ನಿಂತರೂ ಪ್ರತಿ ಮನೆಯಿಂದ ಒಂಬತ್ತು ಮಂದಿ ಬಂದೇ ಬರುತ್ತಾರೆ. ಬಾರದವರು ಯಾರೆಂದು ಅವರು ಹೇಳಬಲ್ಲರು. ಸಿ.ಡಿ.ಯಲ್ಲಿಯೂ ಒಂದು ಕ್ಷಣದ ಶಬ್ದವನ್ನು ಒಂದೇ ಕಡೆ ಬರೆಯದೆ ಚದುರಿಸಿ ಇಡುತ್ತಾರೆ. ಆದ್ದರಿಂದಲೇ ಸಾಲಿನುದ್ದಕ್ಕೆ ಎರಡು ಮಿಲಿಮೀಟರಿನಷ್ಟು ಬರಹ ಅಳಿಸಿದರೂ ಹಾಡು ತಪ್ಪುವುದಿಲ್ಲ.

ಫಿಲಿಪ್ಸ್ 1979ರ ಮಾರ್ಚ್ 8ರಂದು ತನ್ನ ಮಾದರಿಯನ್ನು ಪತ್ರಕರ್ತರಿಗೆ ತೋರಿಸಿತು. ಬಳಿಕ ಜಪಾನಿನ ಸೋನಿಯೊಡನೆ ಕೂಡಿ 1980ರಲ್ಲಿ ಇಡೀ ಜಗತ್ತಿಗೆ ಒಂದೇ ಅಳತೆಯನ್ನು ಗೊತ್ತುಮಾಡಿತು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮೊದಲ ಸಿ.ಡಿ. ಯಂತ್ರ ಮಾರಾಟಕ್ಕೆ ಬಂತು. ಮೂರು ನಿಮಿಷದ ಜಾಗದಲ್ಲಿ ಎಡೆಬಿಡದ 74 ನಿಮಿಷ! ವಿಲಂಬಿತದಿಂದ ದ್ರುತದವರೆಗೆ ಒಂದು ರಾಗ ತನ್ನ ಗತಿಯಲ್ಲೇ ಬೆಳೆಯಲು ಎಡೆ ಸಿಕ್ಕಿತು.

ಆದರೆ ಇದು ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆ. ಊರವರು ತಾವೇ ಬರೆಯುವ ತಟ್ಟೆಯನ್ನು ಜಪಾನಿನ ತೈಯೊ ಯೂಡೆನ್ ಕಂಪನಿ 1988ರಲ್ಲಿ ಸಿದ್ಧಪಡಿಸಿತು. ಇದರಲ್ಲಿ ನಿಜವಾದ ಕುಳಿ ಇಲ್ಲ. ಪ್ಲಾಸ್ಟಿಕ್ಕಿಗೂ ಹೊಳೆಯುವ ಲೋಹದ ಪೊರೆಗೂ ನಡುವೆ ಒಂದು ಬಣ್ಣದ ಲೇಪವಿದೆ. ಬಲವಾದ ಲೇಸರ್ ತಗುಲಿದ ಕಡೆ ಆ ಬಣ್ಣ ಬೆಂದು ಮಾರ್ಪಡುತ್ತದೆ. ಓದುವ ಯಂತ್ರ ಅದನ್ನೇ ಕುಳಿಯೆಂದು ತಿಳಿಯುತ್ತದೆ. ಸಿ.ಡಿ. ‘ಸುಡುವುದು’ ಎಂಬ ಮಾತು ಬಂದದ್ದು ಹೀಗೆ. ಮುಂದೆ 1996ರಲ್ಲಿ ಡಿ.ವಿ.ಡಿ., 2006ರಲ್ಲಿ ನೀಲಿ ಲೇಸರಿನ ಬ್ಲೂ-ರೇ ಬಂದವು. ಬೆಳಕಿನ ಅಲೆ ಕಿರಿದಾದಷ್ಟೂ ಉಳಿಯ ಮೊನೆ ಚೂಪಾದಂತೆ, ಸಿ.ಡಿ.ಯಲ್ಲಿ 700 ಮೆಗಾಬೈಟ್ ಹಿಡಿದರೆ ಅದೇ ಗಾತ್ರದ ಬ್ಲೂ-ರೇ ತಟ್ಟೆಯ ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಯಿತು.

ಬರೆಯುವ ತಟ್ಟೆ ಅಗ್ಗವಾದಾಗ ಹಳ್ಳಿಗೂ ಬಂತು. ಮದುವೆ, ಜಾತ್ರೆ, ಪುರಾಣ ಪ್ರವಚನ, ಭಜನೆ, ಬಯಲಾಟ, ಅಜ್ಜಿಯ ಸೋಬಾನೆ ಪದ ಎಲ್ಲವೂ ಅದರಲ್ಲಿ ತುಂಬಿದವು. ಈ ಸಭೆಯಲ್ಲಿ ಕುಳಿತವರ ಮನೆಗಳಲ್ಲೂ ಟ್ರಂಕಿನ ತಳದಲ್ಲೋ ಮಾಡದಲ್ಲೋ ಅಂಥ ತಟ್ಟೆಗಳು ಇದ್ದಾವು. ಅಪಾಯ ಇರುವುದು ಅಲ್ಲಿಯೇ. ಬಿಸಿಲು, ಸೆಕೆ, ತೇವ ತಗುಲಿದರೆ ಬಣ್ಣದ ಲೇಪ ಮಾಸುತ್ತದೆ. ಗಾಳಿ ಹೊಕ್ಕರೆ ಬೆಳ್ಳಿಯ ಪೊರೆ ಕಂದುತ್ತದೆ. ತಪ್ಪು ತಿದ್ದುವ ಗಣಿತ ಬಹಳ ಕಾಲ ಈ ಹಾನಿಯನ್ನು ಮುಚ್ಚಿಡುತ್ತದೆ; ಅದರ ಶಕ್ತಿ ಮೀರಿದ ದಿನ ತಟ್ಟೆ ಒಮ್ಮೆಲೇ ಮೂಕವಾಗುತ್ತದೆ. ಹಳೆಯ ಗ್ರಾಮಫೋನಿನಂತೆ ಗರಗರ ಎಂದು ಮುನ್ಸೂಚನೆ ಕೊಡುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಓದುವ ಯಂತ್ರವೇ ಮರೆಯಾಗುವುದು. ಒಂದು ಕಾಲಕ್ಕೆ ಜಗತ್ತಿಗೇ ತಟ್ಟೆ ಒದಗಿಸುತ್ತಿದ್ದ ಭಾರತದ ಮೋಸರ್ ಬೇರ್ ಕಂಪನಿ 2018ರಲ್ಲಿ ಮುಚ್ಚುವ ಹಾದಿ ಹಿಡಿಯಿತು. ಬರೆಯುವ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಹೊಸ ಗಣಕಗಳಲ್ಲಿ ತಟ್ಟೆ ಇಡುವ ಜಾಗವೇ ಕಾಣದು.

ಹಾಗಾದರೆ ಮಾಡಬೇಕಾದ್ದೇನು? ತಟ್ಟೆಯನ್ನು ಅಂಚಿನಲ್ಲಿ ಹಿಡಿಯಬೇಕು. ನೆರಳಿನಲ್ಲಿ, ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಇಡಬೇಕು. ಒರೆಸುವಾಗ ಸುತ್ತ ತಿಕ್ಕದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಹೆಸರು ಬರೆಯುವ ಮೇಲ್ಮಗ್ಗುಲೇ ಹೆಚ್ಚು ನಾಜೂಕು. ಲೋಹದ ಪೊರೆ ಇರುವುದು ಅದರ ತೆಳು ವಾರ್ನಿಷಿನ ಕೆಳಗೇ. ಬಾಲ್‌ಪೆನ್ನಿನಿಂದ ಗೀಚುವುದು, ಕಾಗದ ಅಂಟಿಸುವುದು ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ತಟ್ಟೆ ಇನ್ನೂ ಓದುತ್ತಿರುವಾಗಲೇ ಅದರೊಳಗಿನದನ್ನು ಗಣಕಕ್ಕೆ ಇಳಿಸಿ, ಎರಡು ಮೂರು ಕಡೆ ಪ್ರತಿ ಇಡಬೇಕು. ಯಾರ ದನಿ, ಯಾವ ಊರು, ಯಾವ ವರ್ಷ ಎಂಬುದನ್ನು ಜೊತೆಗೆ ಬರೆದಿಡಬೇಕು. ಹೆಸರಿಲ್ಲದ ದನಿ ಒಂದು ತಲೆಮಾರು ಕಳೆದರೆ ಯಾರದೂ ಅಲ್ಲ.

ಈ ಬುದ್ಧಿ ಈ ಸೀಮೆಗೆ ಹೊಸದೇನಲ್ಲ. ಲಕ್ಷ್ಮೇಶ್ವರದ ಶಂಖ ಬಸದಿಯ ಒಂದು ಶಾಸನಶಿಲೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಓದಿ ಪ್ರಕಟಿಸಿದರು. ಅದರಲ್ಲಿ ಒಂದಲ್ಲ, ಹಲವು ಕಾಲದ ದಾನಗಳ ಪಾಠವಿದೆ. ಗಂಗರ ಮಾರಸಿಂಹನ ದಾನದ ಜೊತೆಗೆ, ಅದಕ್ಕಿಂತ ಎಷ್ಟೋ ಹಿಂದಿನ ಬಾದಾಮಿ ಚಾಲುಕ್ಯರ ಕಾಲದ ದಾನಗಳೂ ಅದೇ ಕಲ್ಲಿನ ಮೇಲೆ ಮತ್ತೆ ಕೆತ್ತಲ್ಪಟ್ಟಿವೆ. ಹಳೆಯ ಬರಹ ಅಳಿಯುವ ಮುನ್ನ ಹೊಸ ಕಲ್ಲಿಗೆ ಪ್ರತಿ ಮಾಡಿದ್ದರಿಂದ ಆ ದಾನಗಳ ಸುದ್ದಿ ಇಂದಿನವರೆಗೆ ಬಂದಿದೆ. ಟ್ರಂಕಿನ ತಳದಲ್ಲಿರುವ ಸೋಬಾನೆಯ ತಟ್ಟೆಗೂ ಬೇಕಾದದ್ದು ಅದೇ ಕೆಲಸ; ಅದಕ್ಕೆ ಉಳಿದಿರುವ ಸಮಯ ಮಾತ್ರ ಕಲ್ಲಿಗಿದ್ದಷ್ಟಿಲ್ಲ.