ಲೆಕ್ಕ ಕೇಳಿದವರಿಗೂ ಒಂದು ಶಾಲು
(ಟ್ರಸ್ಟಿನ ವಾರ್ಷಿಕ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿದ್ದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಮ್ಮ ನೌಕರಿಯೆಲ್ಲ ಅದರೊಳಗೇ ಕಳೆಯಿತು. ಆದ್ದರಿಂದ ಸ್ವಲ್ಪ ಸಲಿಗೆಯಿಂದಲೇ ಮಾತಾಡುತ್ತೇವೆ.

ಪ್ರತಿವರ್ಷ ಈ ವೇದಿಕೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ, ಕೈಯೆತ್ತಿ ಕೊಟ್ಟ ದಾನಿಗಳಿಗೆ ಶಾಲು ಹೊದಿಸುತ್ತೇವೆ. ಈ ಸಲ ಇನ್ನಿಬ್ಬರಿಗೂ ಹೊದಿಸಿದೆವು. ಒಬ್ಬರು ಟೈಲರ್. ತಮ್ಮ ಬೀದಿಯ ಚರಂಡಿಗೆ ಬಂದ ಹಣವೆಷ್ಟು, ಖರ್ಚಾದದ್ದೆಷ್ಟು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದವರು. ಇನ್ನೊಬ್ಬರು ಬೀಡಿ ಕಟ್ಟುವ ತಾಯಿ. ಗ್ರಾಮ ಸಭೆಯಲ್ಲಿ ಎದ್ದು ನಿಂತು, ಮನೆ ಮಂಜೂರಾದವರ ಪಟ್ಟಿಯನ್ನು ಎಲ್ಲರ ಮುಂದೆ ಓದಿ ಎಂದು ಹಠ ಹಿಡಿದವರು. ಇಬ್ಬರೂ ತಮ್ಮ ಹೆಸರು ವರದಿಯಲ್ಲಿ ಅಚ್ಚಾಗುವುದು ಬೇಡ ಎಂದರು. ನಾಚಿಕೆಯಿಂದಲ್ಲ. ನಾಳೆ ರೇಷನ್ ಕಾರ್ಡಿಗೆ, ಖಾತೆಗೆ ಕಚೇರಿಗಳ ಮೆಟ್ಟಿಲು ಹತ್ತಬೇಕಲ್ಲ ಎಂಬ ಅಂಜಿಕೆ. ಇಂಥ ಸನ್ಮಾನ ಯಾಕೆ ಬೇಕು ಎನ್ನುವವರಿಗೆ ಆ ಅಂಜಿಕೆಯೇ ಉತ್ತರ. ಲೆಕ್ಕ ಕೇಳಿದವರ ಬೆನ್ನಿಗೆ ನಾಲ್ಕು ಜನ ಇದ್ದಾರೆ ಎಂದು ಊರಿಗೆ ಕಾಣಬೇಕು.

ದಾನಿಗಳೊಬ್ಬರು ಮೊನ್ನೆ ಕೇಳಿದರು: "ಮೇಷ್ಟ್ರೇ, ವಿದ್ಯಾರ್ಥಿವೇತನ ಕೊಡೋ ಟ್ರಸ್ಟು ಇದು. ಇದೆಲ್ಲ ರಾಜಕೀಯ ಆಗೋದಿಲ್ವಾ?" ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಅಬ್ದುಲ್ ನಜೀರ್ ಸಾಬರನ್ನು ನೆನೆಯುತ್ತೇವೆ.

ಹಿರಿಯರಿಗೆ ಅವರು ನೀರ್ ಸಾಬ್. ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದರು. ನೀರಿನ ಬೆಲೆ ಏನೆಂದು ಪಾವಗಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನೀರು ಅವರ ಅರ್ಧ ಕೆಲಸ. ಇನ್ನರ್ಧ, 1983ರ ಪಂಚಾಯತ್ ಕಾಯ್ದೆ. ಆ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಯಿತು. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅಂದರೆ ಆರು ವರ್ಷದ ನಂತರ. ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ಜಿಲ್ಲಾ ಪರಿಷತ್ತಿಗೆ ಮುಖ್ಯ ಕಾರ್ಯದರ್ಶಿಯಾಗಿ ಹಾಕಿ, ಜನರು ಆರಿಸಿದ ಅಧ್ಯಕ್ಷರ ಕೆಳಗೆ ಕೆಲಸ ಮಾಡಿಸಿದರು. ತನ್ನ ಕೈಯಲ್ಲಿದ್ದ ಅಧಿಕಾರವನ್ನು ತಾನೇ ಬಿಟ್ಟುಕೊಡುವ ಮಂತ್ರಿಯನ್ನು ನಾವಂತೂ ಮತ್ತೆ ಕಂಡಿಲ್ಲ. 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ.

ನಮ್ಮ ಮನೆಗಳಲ್ಲಿ ಅವರನ್ನು ನೀರಿಗಾಗಿ ನೆನೆಯುತ್ತಾರೆ, ಸಂತೋಷ. ಆದರೆ ನೀರಿನ ಋಣಕ್ಕೆ ದುವಾ ಮಾಡಿದರೆ ಸಾಕು. ಪಂಚಾಯತಿಯ ಋಣ ತೀರಬೇಕಾದರೆ ಗ್ರಾಮ ಸಭೆಗೆ ಹೋಗಿ ಕೂರಬೇಕು. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಸರ್ಕಾರಿ ಮನೆ ಯಾರಿಗೆ ಎಂದು ಆರಿಸಬೇಕಾದದ್ದು ಅಲ್ಲಿ. ನಮ್ಮವರು ಎಷ್ಟು ಜನ ಹೋಗುತ್ತಾರೆ? ತಾಯಂದಿರು ಎಷ್ಟು ಜನ?

ಪಟ್ಟಣದವರಿಗೆ ಗ್ರಾಮ ಸಭೆ ಇಲ್ಲ, ಮಾಹಿತಿ ಹಕ್ಕು ಇದೆ. ಅದು ದೊಡ್ಡವರು ಕೊಟ್ಟ ಭಿಕ್ಷೆಯಲ್ಲ. ರಾಜಸ್ಥಾನದ ಹಳ್ಳಿಗಳಲ್ಲಿ ಅರುಣಾ ರಾಯ್ ಮತ್ತವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಜನರನ್ನು ಸೇರಿಸಿ, ಕಾಮಗಾರಿಯ ಬಿಲ್ಲು, ಕೂಲಿಯ ಪಟ್ಟಿಗಳನ್ನು ಗಟ್ಟಿಯಾಗಿ ಓದಿಸಿದರು. ಕೆಲಸವನ್ನೇ ಮಾಡದವರ ಹೆಸರಲ್ಲಿ ಕೂಲಿ ಬರೆದದ್ದು ಬಯಲಿಗೆ ಬಂತು. ಕರ್ನಾಟಕ 2000ದಲ್ಲೇ ತನ್ನ ಕಾಯ್ದೆ ಮಾಡಿತು. ದೇಶದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ತಿ ಜಾರಿಗೆ ಬಂತು.

ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪತ್ರ ಬರೆದ ಮಗುವಿಗೆ ಇದು ಕಷ್ಟವೇ? ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಇದೆ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಮಾಹಿತಿ ಆಯೋಗಕ್ಕಿದೆ. ಕೂಗಾಡಬೇಡಿ, ಯಾರನ್ನೂ ಕಳ್ಳ ಎನ್ನಬೇಡಿ. ಕಾಗದ ಕೇಳಿ, ಸಾಕು. ಟೈಲರ್ ಅಣ್ಣನವರು ಮಾಡಿದ್ದು ಇಷ್ಟೇ.

ಈಗ ನಮ್ಮ ಮನೆಯ ವಿಷಯ. ಸರ್ಕಾರದ ಹಣ ಪಡೆಯದ ನಮ್ಮಂಥ ಟ್ರಸ್ಟಿಗೆ ಆ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ. ಹಾಗೆಂದು ಆ ಅಣ್ಣನಿಗೆ ಶಾಲು ಹೊದಿಸಿ ನಮ್ಮ ಲೆಕ್ಕದ ಪುಸ್ತಕವನ್ನು ಬೀರುವಿನಲ್ಲಿಟ್ಟರೆ ಮಕ್ಕಳು ನಗುತ್ತಾರೆ. ಆದ್ದರಿಂದ ಈ ವರ್ಷದಿಂದ ಲೆಕ್ಕಪರಿಶೋಧಕರ ವರದಿ ಪೂರ್ತಿಯಾಗಿ ಅಚ್ಚಾಗುತ್ತದೆ. ಯಾವ ತಾಲ್ಲೂಕಿನಿಂದ ಎಷ್ಟು ಅರ್ಜಿ ಬಂತು, ಎಷ್ಟು ಮಂಜೂರಾಯಿತು, ಯಾವ ನಿಯಮದ ಮೇಲೆ ಆರಿಸಿದರು ಎಂಬುದು ಕಚೇರಿಯ ಬೋರ್ಡಿನ ಮೇಲಿರುತ್ತದೆ. ಸಿಗದವರಿಗೆ ಯಾಕೆ ಸಿಗಲಿಲ್ಲ ಎಂದು ಬರವಣಿಗೆಯಲ್ಲಿ ತಿಳಿಸುತ್ತೇವೆ.

ಮಕ್ಕಳ ಹೆಸರನ್ನೂ, ಮನೆಯ ಸ್ಥಿತಿಯನ್ನೂ ಹಾಕಬೇಕು, ಆಗಲೇ ದಾನಿಗಳಿಗೆ ನಂಬಿಕೆ ಎಂದು ಕೆಲವರು ವಾದಿಸಿದರು. ಸಮಿತಿಯಲ್ಲಿ ಎರಡು ಸಂಜೆ ಜಗಳವೇ ಆಯಿತು ಎನ್ನಿ. ನಾವು ಒಪ್ಪಲಿಲ್ಲ. ಹಣ ಹೋದ ದಾರಿ ಎಲ್ಲರಿಗೂ ಕಾಣಲಿ. ತಂದೆ ಇಲ್ಲದ ಮಗುವಿನ ಕಷ್ಟ ಬೋರ್ಡಿಗೆ ಬರುವುದು ಬೇಡ. ಮಾಹಿತಿ ಹಕ್ಕು ಕಾಯ್ದೆಯೂ ವೈಯಕ್ತಿಕ ಮಾಹಿತಿಗೆ ರಕ್ಷಣೆ ಕೊಟ್ಟಿದೆ. ಅನುಮಾನವಿರುವ ದಾನಿಗಳು ಕಚೇರಿಗೆ ಬಂದು ವೋಚರುಗಳನ್ನು ನೋಡಬಹುದು; ಚಹಾ ನಮ್ಮದು.

ಮುಂದಿನ ವರ್ಷದ ವಿದ್ಯಾರ್ಥಿವೇತನದ ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ. ಅದರ ಹಿಂಬದಿಯಲ್ಲಿ ಮಾಹಿತಿ ಹಕ್ಕು ಅರ್ಜಿಯ ಮಾದರಿಯನ್ನೂ ಅಚ್ಚು ಹಾಕಿಸಿದ್ದೇವೆ. ಬರೆಯಲು ಬಾರದವರು ಶನಿವಾರ ಮಧ್ಯಾಹ್ನ ಟ್ರಸ್ಟಿನ ಕಚೇರಿಗೆ ಬನ್ನಿ. ನಮ್ಮ ಪಿಯುಸಿ ಮಕ್ಕಳು ಬರೆದುಕೊಡುತ್ತಾರೆ, ನಾವು ತಪ್ಪು ತಿದ್ದುತ್ತೇವೆ. ಬಿಪಿಎಲ್ ಕಾರ್ಡಿನ ಜೆರಾಕ್ಸ್ ತರುವುದನ್ನು ಮರೆಯಬೇಡಿ.