ಬಣ್ಣ ನಂಬಿದವರಿಗೆ ಉತ್ತರ ಕೊಡೋರು ಯಾರು?

ಗುಲ್ಮಾರ್ಗ್‌ಗೆ ಟೂರ್ ಹೋಗಿ ಬಂದವರಿಗೆ ಈ ಗಾಡಿ ಗೊತ್ತಿರುತ್ತೆ. ಮುಂದೆ ಚಕ್ರದ ಬದಲು ಎರಡು ಹಲಗೆ. ಹಿಂದೆ ಯುದ್ಧದ ಟ್ಯಾಂಕಿಗೆ ಇರೋ ಥರ ಒಂದು ಪಟ್ಟಿ, ಆದ್ರೆ ರಬ್ಬರಿನದು. ಮೇಲೆ ಬೈಕಿನ ಹಾಗೇ ಸೀಟು, ಹ್ಯಾಂಡಲ್. ಅಲ್ಲಿ ಸ್ನೋ ಬೈಕ್ ಅಂತಾರೆ, ಅದರ ನಿಜವಾದ ಹೆಸರು ಸ್ನೋಮೊಬೈಲ್. ದುಡ್ಡು ಕೊಟ್ಟು ಒಂದು ರೌಂಡ್ ಹೋಗ್ತೀವಿ, ಫೋಟೋ ತೆಗೆಸಿಕೊಳ್ತೀವಿ, ವಾಟ್ಸಾಪ್ ಸ್ಟೇಟಸ್ ಹಾಕ್ತೀವಿ. ನಮಗೂ ಆ ಗಾಡಿಗೂ ಇರೋ ನೆಂಟಸ್ತನ ಅಷ್ಟೇ.

ಆದ್ರೆ ಈ ಗಾಡಿಯನ್ನೇ ನಂಬಿಕೊಂಡು ಬದುಕಿರೋ ಊರುಗಳಿವೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದ ತುದಿಯಲ್ಲಿ, ಕೆನಡಾ ಗಡಿಗೆ ಹತ್ತಿರ, ಥೀಫ್ ರಿವರ್ ಫಾಲ್ಸ್ ಅಂತ ಒಂದು ಊರಿದೆ. ಜನಸಂಖ್ಯೆ ಒಂಬತ್ತು ಸಾವಿರವೂ ಇಲ್ಲ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿ. ಆರ್ಕ್ಟಿಕ್ ಕ್ಯಾಟ್ ಅನ್ನೋ ಸ್ನೋಮೊಬೈಲ್ ತಯಾರಾಗೋದು ಅಲ್ಲೇ. ಆ ಊರಿಗೆ 2024ರ ಡಿಸೆಂಬರ್‌ನಲ್ಲಿ, ಹಿಮ ಬೀಳೋ ಹೊತ್ತಿಗೇ, ಒಂದು ಸುದ್ದಿ ಬಂತು. ಮುಂದಿನ ವರ್ಷ ಉತ್ಪಾದನೆಗೆ ವಿರಾಮ. ಈ ವ್ಯವಹಾರವನ್ನು ಇಟ್ಟುಕೊಳ್ಳೋದಾ ಬಿಡೋದಾ ಅಂತ ಮಾಲೀಕರು ಪರಿಶೀಲನೆ ಮಾಡ್ತಿದ್ದಾರೆ.

ಪರಿಶೀಲನೆ. ಈ ಪದ ಕೇಳಿದ್ರೆ ನಮ್ಮ ಜನಕ್ಕೆ ಗೊತ್ತಾಗುತ್ತೆ ಅಲ್ವಾ? ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ ಅಂತ ಕಚೇರಿಯಲ್ಲಿ ಹೇಳಿದ್ರೆ ಅದರ ಅರ್ಥ ಏನು? ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ನೀನು ಕಾಯ್ತಾ ಇರು, ಅಷ್ಟೇ. ಮಿನ್ನೆಸೋಟದಲ್ಲಿ ಕಾರ್ಮಿಕ ಕಾದ, ಡೀಲರ್ ಕಾದ, ಗ್ರಾಹಕ ಕಾದ. ಇವತ್ತು ನಾನು ಮಾತಾಡ್ತಿರೋದು ಆ ಕಾಯೋ ಗ್ರಾಹಕನ ಬಗ್ಗೆ.

ಮೊದಲು ಈ ಅಭಿಮಾನ ಎಲ್ಲಿಂದ ಬಂತು ಅಂತ ನೋಡೋಣ. ಕೆನಡಾದ ಕ್ವಿಬೆಕ್‌ನಲ್ಲಿ ವಾಲ್ಕೋರ್ಟ್ ಅನ್ನೋ ಊರಿನ ಮೆಕ್ಯಾನಿಕ್ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯೆ. 1934ರ ಚಳಿಗಾಲದಲ್ಲಿ ಆತನ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಆಯ್ತು. ರಸ್ತೆ ತುಂಬಾ ಹಿಮ. ಆಸ್ಪತ್ರೆಗೆ ಹೋಗೋ ದಾರಿಯೇ ಇಲ್ಲ. ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡೋ ವಾಹನ ಮಾಡಬೇಕು ಅಂತ ಮೊದಲೇ ಒದ್ದಾಡ್ತಿದ್ದ ಆ ಅಪ್ಪ ಆಮೇಲೆ ಹಟ ಬಿಡಲಿಲ್ಲ. ಕೆಲವೇ ವರ್ಷದಲ್ಲಿ ಡಾಕ್ಟರು, ಅಂಚೆ, ಶಾಲೆ ಮಕ್ಕಳನ್ನು ಹೊತ್ತೊಯ್ಯೋ ದೊಡ್ಡ ಹಿಮವಾಹನ ಬಂತು. 1959ರಲ್ಲಿ ಇಬ್ಬರು ಕೂರೋ ಚಿಕ್ಕ ಗಾಡಿ ಬಂತು. ಅದೇ ಸ್ಕೀ-ಡೂ. ಇವತ್ತಿಗೂ ಅದರ ಗುರುತು ಹಳದಿ ಬಣ್ಣ.

ಅತ್ತ ಮಿನ್ನೆಸೋಟದ ರೋಸೋ ಊರಲ್ಲಿ 1954ರಲ್ಲಿ ಹೆಟೀನ್ ಸಹೋದರರು ಮತ್ತು ಡೇವಿಡ್ ಜಾನ್ಸನ್ ಪೊಲಾರಿಸ್ ಕಂಪನಿ ಕಟ್ಟಿದ್ರು. ಅವರಲ್ಲಿ ಎಡ್ಗರ್ ಹೆಟೀನ್ 1960ರಲ್ಲಿ ತನ್ನ ಗಾಡಿ ಎಷ್ಟು ಗಟ್ಟಿ ಅಂತ ತೋರಿಸೋಕೆ ಅಲಾಸ್ಕಾದ ಹಿಮದಲ್ಲಿ ಸುಮಾರು 1,900 ಕಿಲೋಮೀಟರ್ ಓಡಿಸಿದ. ಊರಿಗೆ ವಾಪಸ್ ಬಂದ್ರೆ ಕಂಪನಿಯಲ್ಲಿ ಅಸಮಾಧಾನ. ಬಿಟ್ಟು ಹೊರಟ. ನೂರು ಕಿಲೋಮೀಟರ್ ಚಿಲ್ಲರೆ ದೂರದ ಥೀಫ್ ರಿವರ್ ಫಾಲ್ಸ್‌ನಲ್ಲಿ ಹೊಸ ಕಂಪನಿ ಶುರು ಮಾಡಿದ. ಅದೇ ಮುಂದೆ ಆರ್ಕ್ಟಿಕ್ ಕ್ಯಾಟ್ ಆಯ್ತು. ಹಸಿರು ಬಣ್ಣ.

ಅಂದ್ರೆ ನೋಡಿ, ಪೊಲಾರಿಸ್ ಮತ್ತು ಆರ್ಕ್ಟಿಕ್ ಕ್ಯಾಟ್, ಎರಡಕ್ಕೂ ಅಡಿಗಲ್ಲು ಹಾಕಿದ್ದು ಒಬ್ಬನೇ ಮನುಷ್ಯ. ಅದರ ಮೇಲೆ ಎರಡು ಊರು ಅರವತ್ತು ವರ್ಷದಿಂದ ಪೈಪೋಟಿ ಮಾಡ್ಕೊಂಡು ಬಂದಿವೆ. ದಾಯಾದಿ ಜಗಳ ಅಂದ್ರೆ ಹೀಗೇ ಇರುತ್ತೆ!

ಒಂದು ಕಾಲದಲ್ಲಿ ಸ್ನೋಮೊಬೈಲ್ ಮಾಡೋ ಕಂಪನಿಗಳು ನೂರಕ್ಕೂ ಹೆಚ್ಚು ಇದ್ವು. ಆಮೇಲೆ ಹಿಮ ಕಮ್ಮಿ ಬಿದ್ದ ವರ್ಷ ಬಂತು, ಪೆಟ್ರೋಲ್ ಬೆಲೆ ಏರಿದ ವರ್ಷ ಬಂತು, ಸಾಲದ ಬಡ್ಡಿ ಏರಿದ ವರ್ಷ ಬಂತು. ಒಂದೊಂದೇ ಬಾಗಿಲು ಹಾಕಿದ್ವು. ಕೊನೆಗೆ ಉಳಿದ ದೊಡ್ಡವರು ನಾಲ್ಕೇ. ಹಳದಿಯ ಸ್ಕೀ-ಡೂ, ಹಸಿರಿನ ಆರ್ಕ್ಟಿಕ್ ಕ್ಯಾಟ್, ಪೊಲಾರಿಸ್, ಮತ್ತೆ 1968ರಲ್ಲಿ ಈ ಕಣಕ್ಕೆ ಇಳಿದ ಜಪಾನಿನ ನೀಲಿ ಯಮಹಾ.

ಅಲ್ಲಿ ಮನೆಗಳು ಬಣ್ಣದ ಮೇಲೆ ಹಂಚಿಹೋಗಿವೆ. ಅಪ್ಪ ಹಸಿರು ಅಂದ್ರೆ ಮಗನೂ ಹಸಿರು. ಜಾಕೆಟ್ ಹಸಿರು, ಹೆಲ್ಮೆಟ್ ಹಸಿರು, ಗ್ಯಾರೇಜ್ ಗೋಡೆಯ ಬೋರ್ಡೂ ಹಸಿರು. ಪಕ್ಕದ ಮನೆಯವನು ಹಳದಿ ಗಾಡಿ ತಂದ್ರೆ ಚಳಿಗಾಲ ಪೂರ್ತಿ ತಮಾಷೆ. ನಮ್ಮಲ್ಲಿ ಸ್ಟಾರ್ ಅಭಿಮಾನಿಗಳ ಕಟೌಟ್ ಜಗಳ ನೋಡಿದವರಿಗೆ ಇದೇನು ಹೊಸದಲ್ಲ ಬಿಡಿ.

ಆದ್ರೆ ಈ ಬಣ್ಣದ ಒಳಗೆ ಏನಿತ್ತು ಗೊತ್ತಾ? ಸುಮಾರು 2014ರ ಮಾಡೆಲ್‌ಗಳಿಂದ ಯಮಹಾ ಮತ್ತು ಆರ್ಕ್ಟಿಕ್ ಕ್ಯಾಟ್ ಒಪ್ಪಂದ ಮಾಡ್ಕೊಂಡ್ವು. ಯಮಹಾ ತನ್ನ ಫೋರ್ ಸ್ಟ್ರೋಕ್ ಎಂಜಿನ್ ಕೊಡೋದು, ಆರ್ಕ್ಟಿಕ್ ಕ್ಯಾಟ್ ತನ್ನ ಚಾಸಿ ಕೊಡೋದು. ಅದೇ ಎಂಜಿನ್, ಅದೇ ಚಾಸಿ. ಹಸಿರು ಬಳಿದ್ರೆ ಆರ್ಕ್ಟಿಕ್ ಕ್ಯಾಟ್, ನೀಲಿ ಬಳಿದ್ರೆ ಯಮಹಾ. ಹಸಿರಿನವನು ನೀಲಿಯವನನ್ನ ಗೇಲಿ ಮಾಡ್ತಿದ್ದ, ನೀಲಿಯವನು ಹಸಿರಿನವನನ್ನ. ಇಬ್ಬರ ತೊಡೆ ಕೆಳಗೆ ಒಂದೇ ಎಂಜಿನ್! ಅಭಿಮಾನಿಗಳಿಗೆ ಇದು ಗೊತ್ತಿಲ್ಲದೇ ಇರಲಿಲ್ಲ. ಗೊತ್ತಿದ್ದೂ ಬಣ್ಣ ಬಿಡಲಿಲ್ಲ. ಯಾಕಂದ್ರೆ ಅವರು ನಂಬಿದ್ದು ಬರೀ ಎಂಜಿನ್ ಅಲ್ಲ. ಹತ್ತಿರದ ಡೀಲರ್, ಗುರುತಿರೋ ಮೆಕ್ಯಾನಿಕ್, ಅಪ್ಪನ ಜೊತೆ ಹೋದ ಮೊದಲ ಸವಾರಿ, ಇದೆಲ್ಲ ಸೇರಿದ್ರೆ ಒಂದು ಬ್ರಾಂಡ್.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಸ್ನೋಮೊಬೈಲ್ ವ್ಯಾಪಾರ ನಮ್ಮ ಬೈಕ್ ವ್ಯಾಪಾರದ ಥರ ಅಲ್ಲ. ಹಿಮ ಕರಗೋ ಕಾಲಕ್ಕೆ, ಫೆಬ್ರವರಿ ಮಾರ್ಚ್‌ನಲ್ಲಿ, ಕಂಪನಿಗಳು ಮುಂದಿನ ವರ್ಷದ ಮಾಡೆಲ್ ಪಟ್ಟಿ ಬಿಡ್ತವೆ. ಎಂಜಿನ್ ಯಾವುದು, ಪಟ್ಟಿ ಎಷ್ಟು ಉದ್ದ, ಬಣ್ಣ ಯಾವುದು, ಎಲ್ಲಾ ಆರಿಸಿ ಗ್ರಾಹಕ ಆಗಲೇ ಅಡ್ವಾನ್ಸ್ ಕಟ್ಟಬೇಕು. ಕೆಲವು ಮಾಡೆಲ್ ಆ ವಸಂತದಲ್ಲಿ ಬುಕ್ ಮಾಡಿದವರಿಗೆ ಮಾತ್ರ. ಆ ಬುಕಿಂಗ್ ನೋಡಿ ಕಂಪನಿ ಎಷ್ಟು ಗಾಡಿ ಮಾಡಬೇಕು ಅಂತ ಲೆಕ್ಕ ಹಾಕುತ್ತೆ. ಗಾಡಿ ಕೈಗೆ ಬರೋದು ಮುಂದಿನ ಚಳಿಗಾಲದ ಹೊತ್ತಿಗೆ. ಒಳ್ಳೆ ಗಾಡಿ ಹದಿನೈದು ಸಾವಿರ ಡಾಲರ್ ದಾಟುತ್ತೆ. ನಮ್ಮ ಲೆಕ್ಕದಲ್ಲಿ ಹನ್ನೆರಡು, ಹದಿಮೂರು ಲಕ್ಷ ರೂಪಾಯಿಗೂ ಮೇಲೆ.

ಯೋಚನೆ ಮಾಡಿ. ಇನ್ನೂ ತಯಾರಾಗದ ಗಾಡಿಗೆ, ಇನ್ನೂ ಬೀಳದ ಹಿಮಕ್ಕೆ, ಗ್ರಾಹಕ ಆರು ತಿಂಗಳ ಮೊದಲೇ ದುಡ್ಡು ಕಟ್ತಾನೆ. ಇದು ವ್ಯಾಪಾರಕ್ಕಿಂತ ಹೆಚ್ಚಾಗಿ ನಂಬಿಕೆ. ಆ ನಂಬಿಕೆಗೆ ಬದಲಾಗಿ ಅವನು ಕೇಳೋದು ಒಂದೇ: ಮುಂದಿನ ವರ್ಷ ನೀವು ಇರ್ತೀರಾ?

ಈ ಪ್ರಶ್ನೆಗೆ ಎರಡು ಕಂಪನಿಗಳು ಎರಡು ಥರ ನಡೆದುಕೊಂಡ್ವು.

ಯಮಹಾ 2023ರಲ್ಲೇ ಹೇಳಿಬಿಡ್ತು. ಈ ವ್ಯವಹಾರ ಮುಂದುವರಿಸೋದು ನಮ್ಮಿಂದ ಆಗಲ್ಲ. ಉತ್ತರ ಅಮೆರಿಕದಲ್ಲಿ 2025ರ ಮಾಡೆಲ್ಲೇ ಕೊನೆ. ಆದ್ರೆ ಬಿಡಿಭಾಗ ಕೊಡ್ತೀವಿ, ಸರ್ವಿಸ್ ಕೊಡ್ತೀವಿ. ನೀಲಿ ಅಭಿಮಾನಿಗಳಿಗೆ ಸಂಕಟ ಆಗಲಿಲ್ವಾ? ಆಯ್ತು. ಐದು ದಶಕಕ್ಕೂ ಮೀರಿದ ಸಂಬಂಧ ಅದು. ಆದ್ರೆ ಅವರ ಕೈಲಿ ಸಮಯ ಇತ್ತು. ಕೊನೆಯ ನೀಲಿ ಗಾಡಿ ತಗೊಳ್ಳೋದಾ, ಬೇರೆ ಬಣ್ಣಕ್ಕೆ ಹೋಗೋದಾ ಅಂತ ಅವರೇ ತೀರ್ಮಾನ ಮಾಡೋಕೆ ಸಾಧ್ಯ ಆಯ್ತು.

ಆರ್ಕ್ಟಿಕ್ ಕ್ಯಾಟ್ ಕಥೆ ಬೇರೆ. 2017ರಲ್ಲಿ ಅದನ್ನು ಟೆಕ್ಸ್‌ಟ್ರಾನ್ ಅನ್ನೋ ದೊಡ್ಡ ಸಂಸ್ಥೆ ಕೊಂಡಿತ್ತು. ಸುಮಾರು 24.7 ಕೋಟಿ ಡಾಲರ್ ಕೊಟ್ಟು. ಟೆಕ್ಸ್‌ಟ್ರಾನ್ ಅಂದ್ರೆ ಹೆಲಿಕಾಪ್ಟರ್, ವಿಮಾನ ಮಾಡೋ ಸಮೂಹ. ಸೆಸ್ನಾ ಅವರದ್ದು, ಬೆಲ್ ಹೆಲಿಕಾಪ್ಟರ್ ಅವರದ್ದು. ಆ ಸಾಮ್ರಾಜ್ಯದಲ್ಲಿ ಸ್ನೋಮೊಬೈಲ್ ಒಂದು ಮೂಲೆ. ಕ್ಯಾಟಲಿಸ್ಟ್ ಅನ್ನೋ ಹೊಸ ಚಾಸಿಯ ಗಾಡಿ ಬಂದು ಎರಡನೇ ಚಳಿಗಾಲ ನಡೀತಿತ್ತು, ಆಗಲೇ ಈ ವಿರಾಮದ ಸುದ್ದಿ. ಹೊಸ ಗಾಡಿ ಕೊಂಡವನ ಹೊಟ್ಟೆಯಲ್ಲಿ ಏನಾಗಿರಬೇಡ? ವಾರಂಟಿ ಯಾರು ನೋಡ್ತಾರೆ? ಪಟ್ಟಿ ಹರಿದ್ರೆ, ಕ್ಲಚ್ ಹೋದ್ರೆ ಪಾರ್ಟ್ ಸಿಗುತ್ತಾ? ಯಮಹಾ ಹೊರಟ ಮೇಲೆ ದೊಡ್ಡ ಟರ್ಬೋ ಎಂಜಿನ್ ಎಲ್ಲಿಂದ ಬರುತ್ತೆ? ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಮಾಡೆಲ್ ಇರುತ್ತಾ? ಅಸಲಿಗೆ ಪಟ್ಟಿಯೇ ಇರುತ್ತಾ?

ಉತ್ತರ ಇಲ್ಲದ ಕಡೆ ಗಾಳಿಸುದ್ದಿ ಹುಟ್ಟುತ್ತೆ. ಗಾಳಿಸುದ್ದಿ ಹುಟ್ಟಿದ ದಿನವೇ ಸೆಕೆಂಡ್ ಹ್ಯಾಂಡ್ ಬೆಲೆ ಇಳಿಯುತ್ತೆ. ಡೀಲರ್ ಅಂಗಡಿಯಲ್ಲಿ ಗಾಡಿ ನಿಂತಲ್ಲೇ ನಿಲ್ಲುತ್ತೆ, ಅದರ ಸಾಲಕ್ಕೆ ಬಡ್ಡಿ ಮಾತ್ರ ಓಡ್ತಾ ಇರುತ್ತೆ. ಕಂಪನಿ ಬಾಯಿ ಬಿಡದೇ ಇದ್ದ ಒಂದೊಂದು ವಾರಕ್ಕೂ ಬೆಲೆ ಕಟ್ಟೋನು ಗ್ರಾಹಕ ಮತ್ತು ಡೀಲರ್.

ಕಂಪನಿ ಪರವಾಗಿಯೂ ಒಂದು ಮಾತು ಹೇಳಬೇಕು. ಮಾರಾಟದ ಮಾತುಕತೆ ನಡೆಯುವಾಗ ಎಲ್ಲವನ್ನೂ ಬೀದಿಯಲ್ಲಿ ಹೇಳೋಕಾಗಲ್ಲ. ಒಪ್ತೀನಿ. ನಷ್ಟದ ವ್ಯವಹಾರವನ್ನು ಅಭಿಮಾನಿಗಳ ಕಣ್ಣೀರು ನೋಡಿ ನಡೆಸಿ ಅಂತಲೂ ನಾನು ಹೇಳಲ್ಲ. ಆದ್ರೆ ಪಾರ್ಟ್ಸ್ ಕೊಡ್ತೀವಿ, ವಾರಂಟಿ ಉಳಿಯುತ್ತೆ, ಗಾಡಿ ಬರದಿದ್ರೆ ಅಡ್ವಾನ್ಸ್ ವಾಪಸ್, ಈ ಮೂರು ಮಾತನ್ನು ಸ್ಪಷ್ಟವಾಗಿ, ಮತ್ತೆ ಮತ್ತೆ ಹೇಳೋಕೆ ಯಾವ ಗುಟ್ಟು ಅಡ್ಡ ಬರುತ್ತೆ ಹೇಳಿ?

ಈ ಕಥೆಯಲ್ಲಿ ಇನ್ನೊಂದು ತಿರುವು ಇದೆ. 2025ರ ವಸಂತದಲ್ಲಿ ಆರ್ಕ್ಟಿಕ್ ಕ್ಯಾಟ್ ಕೈ ಬದಲಾಯಿಸ್ತು. ಕೊಂಡಿದ್ದು ಹಿಂದೆ ಅದೇ ಕಂಪನಿಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಬ್ರಾಡ್ ಡಾರ್ಲಿಂಗ್ ನೇತೃತ್ವದ ಗುಂಪು. ಒಳಗಿನವರೇ ಬಂದು ಕೈ ಹಿಡಿದ್ರು. ಇದು ಮೊದಲ ಸಲವೂ ಅಲ್ಲ. 1981ರಲ್ಲಿ ಇದೇ ಕಂಪನಿ ದಿವಾಳಿಯಾಗಿತ್ತು. ಆಗಲೂ ಹಳೆಯ ಅಧಿಕಾರಿಗಳೇ ಸೇರಿ ಎರಡು ವರ್ಷದ ಮೇಲೆ ಮತ್ತೆ ಕಟ್ಟಿದ್ರು. ಅದೇ 1981ರಲ್ಲಿ ರೋಸೋ ಊರಿನ ಪೊಲಾರಿಸ್ ಕೂಡ ಮುಳುಗೋ ಹಂತದಲ್ಲಿತ್ತು. ಅದನ್ನೂ ಅಲ್ಲಿನ ಮ್ಯಾನೇಜರ್‌ಗಳೇ ಕೊಂಡು ಉಳಿಸಿಕೊಂಡ್ರು. ಯಾರಿಂದ ಕೊಂಡ್ರು ಗೊತ್ತಾ? ಟೆಕ್ಸ್‌ಟ್ರಾನ್‌ನಿಂದ! ಹೌದು, ಅದೇ ಟೆಕ್ಸ್‌ಟ್ರಾನ್. ಎರಡು ಊರು, ಎರಡು ಕಂಪನಿ, ನಲವತ್ತು ಚಿಲ್ಲರೆ ವರ್ಷದ ಅಂತರ, ಬಿಟ್ಟುಕೊಟ್ಟವರು ಒಬ್ಬರೇ.

ಇದರಿಂದ ಒಂದು ವಿಷಯ ಅರ್ಥ ಆಗುತ್ತೆ. ಕಷ್ಟದಲ್ಲಿರೋ ಕಂಪನಿಯನ್ನ ಕೊಳ್ಳೋಕೆ ಯಾರಾದ್ರೂ ಮುಂದೆ ಬಂದ್ರು ಅಂದ್ರೆ ಅಲ್ಲಿ ಯಂತ್ರಗಳ ಜೊತೆಗೆ ಇನ್ನೇನೋ ಇತ್ತು. ಎಷ್ಟೇ ಬೈದ್ರೂ ಹಸಿರು ಜಾಕೆಟ್ ಬಿಚ್ಚದ ಜನ ಇದ್ರು. ಆ ಹೆಸರಿಗೆ ಬೆಲೆ ತಂದವರು ಅವರು. ಆದ್ರೆ ಹೆಸರು ಮಾರಾಟ ಆದಾಗ ಅವರನ್ನ ಯಾರೂ ಒಂದು ಮಾತು ಕೇಳಲ್ಲ, ಒಂದು ಡಾಲರ್ ಪಾಲೂ ಕೊಡಲ್ಲ. ಕೊನೇಪಕ್ಷ ಸಮಯಕ್ಕೆ ಸರಿಯಾಗಿ ಸತ್ಯ ಹೇಳಿ ಅಂತ ಅವರು ಕೇಳಿದ್ರೆ ಅದು ಅತಿಯಾಸೆಯಾ?

ಈ ನೋವು ನಮಗೆ ಹೊಸದಲ್ಲ ಸ್ವಾಮಿ. ಮೈಸೂರಿನವರನ್ನ ಕೇಳಿ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದ್ರೆ ಇವತ್ತಿಗೂ ಪ್ರತಿ ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಇಟ್ಟುಕೊಂಡವರು ಗಾಡಿ ಒರೆಸಿ ಹೊರಗೆ ತರ್ತಾರೆ. ಗುಜರಿಯಲ್ಲಿ ಪಾರ್ಟ್ ಹುಡುಕಿ, ಹಳೇ ಮೆಕ್ಯಾನಿಕ್ ಮನೆ ಬಾಗಿಲಿಗೆ ಹೋಗಿ ಗಾಡಿ ಜೀವಂತ ಇಟ್ಟುಕೊಂಡವರು ಅವರು. ಅದನ್ನ ನೋಡಿಯೇ ಅಲ್ವಾ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿದ್ದು? ಹೆಸರು ವಾಪಸ್ ಬಂತು. ಮೈಸೂರಿನ ಕಾರ್ಖಾನೆ ವಾಪಸ್ ಬರಲಿಲ್ಲ. ಹೊಸ ಗಾಡಿ ತಯಾರಾಗೋದು ಮಧ್ಯಪ್ರದೇಶದಲ್ಲಿ. ಆ ಲೆಕ್ಕದಲ್ಲಿ ಥೀಫ್ ರಿವರ್ ಫಾಲ್ಸ್ ಜನಕ್ಕೆ ಇನ್ನೂ ಒಂದು ಅವಕಾಶ ಇದೆ.

2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂದಾಗ ಬೆಂಗಳೂರಿನಲ್ಲಿ ಎಷ್ಟು ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಇದೇ ಚರ್ಚೆ ಆಗಿರಬೇಡ? ಸರ್ವಿಸ್ ಸಿಗುತ್ತಂತೆ, ಆದ್ರೆ ಎಷ್ಟು ವರ್ಷ? ಈಗಲೇ ಮಾರೋದಾ, ಇಟ್ಕೊಳ್ಳೋದಾ? ಅವರಿಗೆ ಮಿನ್ನೆಸೋಟದ ಆ ಹಸಿರು ಜಾಕೆಟ್‌ನವನ ಮುಖ ನಾನು ವರ್ಣಿಸಿ ಹೇಳಬೇಕಿಲ್ಲ.

ಹಾಗಾದ್ರೆ ಬ್ರಾಂಡ್ ನಂಬಬಾರದಾ? ನಂಬಿ. ಅಪ್ಪ ಓಡಿಸಿದ ಗಾಡಿಯ ಹೆಸರಿನ ಮೇಲೆ ಪ್ರೀತಿ ಇರೋದು ತಪ್ಪಲ್ಲ. ಆದ್ರೆ ಅಡ್ವಾನ್ಸ್ ಕಟ್ಟೋ ಮೊದಲು ಶೋರೂಮಿನವರನ್ನ ಮೂರು ಪ್ರಶ್ನೆ ಕೇಳಿ. ಈ ಮಾಡೆಲ್ ಮುಂದಿನ ವರ್ಷವೂ ಬರುತ್ತಾ? ನಿಂತುಹೋದ್ರೆ ಪಾರ್ಟ್ಸ್ ಎಷ್ಟು ವರ್ಷ? ಗಾಡಿ ಬರದೇ ಇದ್ರೆ ನನ್ನ ದುಡ್ಡು ಯಾವಾಗ ವಾಪಸ್? ಬಾಯಿಮಾತಲ್ಲಿ ಬೇಡ, ರಸೀದಿ ಮೇಲೆ ಬರೆದು ಕೊಡಿ ಅನ್ನಿ. ಬರೆಯೋಕೆ ಹಿಂದೆ ಮುಂದೆ ನೋಡಿದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು ಅಂತ ತಿಳ್ಕೊಳ್ಳಿ.

ಕಂಪನಿಗಳಿಗೂ ಒಂದು ಮಾತು. ನಿಲ್ಲಿಸೋ ಹಕ್ಕು ನಿಮಗಿದೆ. ಆದ್ರೆ ಬೀಳದ ಹಿಮಕ್ಕೆ ದುಡ್ಡು ಕಟ್ಟಿದವನಿಗೆ ಹಿಮ ಬೀಳೋ ಮೊದಲೇ ಹೇಳಿ. ಅಷ್ಟು ಮಾಡಿದ್ರೆ ಅವನು ಬೈದುಕೊಂಡಾದ್ರೂ ನಿಮ್ಮ ಹೆಸರನ್ನ ಮನೆಯಲ್ಲಿ ಇಟ್ಟುಕೊಳ್ತಾನೆ.