ಮೆಡಿಕಲ್ ರೆಪ್ ಕೆಲಸ: ಸಹಿ ಹಾಕುವ ಮುನ್ನ ಸಂಬಳ ಬಿಡಿಸಿ ನೋಡಿ



ಬಿ.ಎಸ್ಸಿ., ಬಿ.ಫಾರ್ಮಾ ಮುಗಿಸಿದ ನಿಮ್ಮಲ್ಲಿ ಹಲವರು ಔಷಧ ಕಂಪನಿಗಳ ಸಂದರ್ಶನಕ್ಕೆ ಹೋಗುತ್ತೀರಿ. ಅಲ್ಲಿ 'ತಿಂಗಳಿಗೆ ಇಷ್ಟು ಸಿಗುತ್ತದೆ' ಎಂದು ಒಂದು ಮೊತ್ತ ಹೇಳುತ್ತಾರೆ. ಅದರಲ್ಲಿ ಸಂಬಳವೆಷ್ಟು, ಖರ್ಚಿನ ಹಣವೆಷ್ಟು, ಬಂದರೆ ಬಂತು ಎನ್ನುವ ಹಣವೆಷ್ಟು ಎಂದು ಕೇಳುವವರು ಕಡಿಮೆ.

ಸರಕಾರಿ ನೌಕರಿಯಲ್ಲಿ ಡಿ.ಎ. ಎಂದರೆ ತುಟ್ಟಿಭತ್ಯೆ; ಈ ಕ್ಷೇತ್ರದಲ್ಲಿ ಅದು ದಿನಭತ್ಯೆ. ಮಂಗಳೂರು ನಿಮ್ಮ ಹೆಡ್‌ಕ್ವಾರ್ಟರ್ ಎಂದಿಟ್ಟುಕೊಳ್ಳಿ. ಊರಲ್ಲೇ ವೈದ್ಯರನ್ನು ಕಂಡರೆ ಒಂದು ದರ, ಪುತ್ತೂರಿಗೆ ಹೋಗಿ ಸಂಜೆ ಮರಳಿದರೆ 'ಎಕ್ಸ್ ಸ್ಟೇಷನ್' ದರ, ಮಡಿಕೇರಿಯಲ್ಲಿ ರಾತ್ರಿ ತಂಗಿದರೆ 'ಔಟ್ ಸ್ಟೇಷನ್' ದರ. ಬೈಕಿಗೆ ಕಿಲೋಮೀಟರ್ ಲೆಕ್ಕ ಬೇರೆ. (ತಿಂಗಳಲ್ಲಿ ಎಷ್ಟು ರಾತ್ರಿ ಹೊರಗಿರಬೇಕು ಎಂದು ವಿದ್ಯಾರ್ಥಿನಿಯರು ಮೊದಲೇ ಕೇಳುವುದು ಒಳ್ಳೆಯದು.) ಈ ಹಣ ಊಟಕ್ಕೆ, ಪೆಟ್ರೋಲಿಗೆ ಹೋಗುತ್ತದೆ. ಜ್ವರ ಬಂದು ಮಲಗಿದ ದಿನ ಬರುವುದಿಲ್ಲ. ಭವಿಷ್ಯನಿಧಿಗೂ ಗ್ರಾಚ್ಯುಟಿಗೂ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಇದನ್ನು ನಂಬಿ ಮನೆ ಸಾಲದ ಕಂತು ಗೊತ್ತುಮಾಡಬೇಡಿ.

ಇನ್ಸೆಂಟಿವ್ ಬರುವುದು ಟಾರ್ಗೆಟ್ ಮುಟ್ಟಿದರೆ. ಹಲವು ಕಡೆ ಮೂರು ತಿಂಗಳಿಗೊಮ್ಮೆ. ಆದರೆ ಯಾವ ಮಾರಾಟ ಎಣಿಸುತ್ತಾರೆ? ಕಂಪನಿಯಿಂದ ಸ್ಟಾಕಿಸ್ಟ್‌ಗೆ ಹೋದದ್ದು ಪ್ರೈಮರಿ, ಸ್ಟಾಕಿಸ್ಟ್‌ನಿಂದ ಮೆಡಿಕಲ್ ಶಾಪಿಗೆ ಹೋದದ್ದು ಸೆಕೆಂಡರಿ. ಪ್ರೈಮರಿಯನ್ನೇ ಎಣಿಸುವ ಕಡೆ, ತಿಂಗಳ ಕೊನೆಗೆ ಸ್ಟಾಕಿಸ್ಟ್‌ನ ಗೋದಾಮಿಗೆ ಮಾಲು ತುಂಬಿಸಿ ಟಾರ್ಗೆಟ್ ತೋರಿಸಲು ಒತ್ತಡ ಬರುತ್ತದೆ. ಅದೇ ಮಾಲು ಎಕ್ಸ್‌ಪೈರಿಯಾಗಿ ವಾಪಸು ಬಂದರೆ ನಿಮ್ಮ ಮಾರಾಟದಿಂದಲೇ ಕಳೆಯುತ್ತಾರೆ. ಈ ವರ್ಷ ಹಾಗೆ ತೋರಿಸಿದ ಮಾರಾಟದ ಮೇಲೆಯೇ ಬರುವ ವರ್ಷದ ಟಾರ್ಗೆಟ್ ಏರುತ್ತದೆ. ಇನ್ಸೆಂಟಿವ್ ಹಣದಲ್ಲಿ ವೈದ್ಯರಿಗೆ ಉಡುಗೊರೆ ಕೊಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಔಷಧ ಮಾರಾಟ ಸಂಹಿತೆ ಅಂಥ ಉಡುಗೊರೆಯನ್ನು ನಿಷೇಧಿಸಿದೆ.

ಮಾರಾಟ ಪ್ರತಿನಿಧಿಗಳಿಗೆಂದೇ 1976ರಲ್ಲಿ ಬಂದ ಕಾಯ್ದೆ ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯ್ದೆ ವಿಲೀನವಾಯಿತು. ಪತ್ರದ ಕಡ್ಡಾಯ ಉಳಿದಿದೆ. ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದೂ ಹೊಸ ಸಂಹಿತೆ ಹೇಳುತ್ತದೆ.

ಆದ್ದರಿಂದ ಬಾಯಿಮಾತಿನ ಮೊತ್ತಕ್ಕೆ ತಲೆಯಾಡಿಸದೆ ಪತ್ರ ಕೇಳಿ. ಮೂಲವೇತನ, ಮೂರೂ ದರಗಳು, ಇನ್ಸೆಂಟಿವ್‌ನ ನಿಯಮ ಅದರಲ್ಲಿರಲಿ. ಹೆಡ್‌ಕ್ವಾರ್ಟರ್ ಯಾವ ಊರು ಎಂಬುದೂ ಬರೆದಿರಲಿ, ಏಕೆಂದರೆ ಅದು ಬದಲಾದರೆ ಭತ್ಯೆಯ ಲೆಕ್ಕವೆಲ್ಲ ಬದಲಾಗುತ್ತದೆ.